ಕಾಕಾನ ಅಂಗಿಗೆ ಹಿಡಿದ ಆಯಸ್ಕಾಂತ

ಮುಂಬೈಯ ಲೋಕಲ್ ರೈಲು ಬ್ರೇಕ್ ಹಾಕಿ ನಿಲ್ಲುವಾಗ ಏಳುವ ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ತಾಗಿದರೆ ಸಾಕು, ಠಾಕುರ್ಲಿಯ ನಮ್ಮ ಎರಡು ಕೋಣೆಯ ಮನೆ, ಬಾಗಿಲ ಹಿಂದಿನ ಗೂಟ, ಅದಕ್ಕೆ ತೂಗುತ್ತಿದ್ದ ರಾಘು ಕಾಕಾನ ಬೂದು ಅಂಗಿ ಕಣ್ಣೆದುರು ಬರುತ್ತವೆ. ನಿಮ್ಮ ಮನೆಯಲ್ಲೂ ಅಂಥದೊಂದು ಗೂಟವಿದ್ದೀತು. ಕಾಕಾ ಅಪ್ಪನ ತಮ್ಮ. ಧಾರವಾಡದಲ್ಲಿ ಓದಿ, ಮುಂಬೈಯ ಪ್ರಯೋಗಾಲಯವೊಂದರಲ್ಲಿ ವಸ್ತುಗಳ ಕಾಂತಗುಣ ಅಳೆಯುವ ಕೆಲಸಕ್ಕೆ ಸೇರಿದ್ದ. ಯಾವುದನ್ನೂ ನಂಬದ ಮನುಷ್ಯ. ಅಜ್ಜಿ ತಂದ ಹೊಸ ಸ್ಟೀಲ್ ಡಬ್ಬಿಗೂ ಆಯಸ್ಕಾಂತ ಹಿಡಿದು, ಅಂಟುವುದಿಲ್ಲವೆಂದು ನೋಡಿಯೇ ಒಳಗೆ ಬಿಡುತ್ತಿದ್ದ. ಈಗ ಪಕ್ಕದ ಕಲ್ಯಾಣದಲ್ಲಿ ಹೋಟೆಲ್ ಪಾತ್ರೆಗಳ ವ್ಯಾಪಾರ ಮಾಡುವ ನಾನು ಈ ಪರೀಕ್ಷೆ ಕಲಿತದ್ದು ಅವನಿಂದಲೇ. ನೀವೂ ಒಂದು ಆಯಸ್ಕಾಂತ ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯವನ ಮಾತು ನಂಬಿ ಏನನ್ನೂ ಕೊಳ್ಳಬೇಡಿ, ನನ್ನ ಅಂಗಡಿಯಲ್ಲೂ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಕಾಕಾ ತಯಾರಿಸಿದ ಒಂದು ಬಿಳಿ ಪುಡಿಯಲ್ಲಿ, ಇರಲೇಬಾರದ ಕಾಂತಗುಣ ತೀರ ಸಣ್ಣದಾಗಿ ಸಿಕ್ಕಿತು. ಅದರ ಬಗ್ಗೆ ಬರೆದ ಲೇಖನ ಅಚ್ಚಾದರೆ ಬಡ್ತಿ, ಲ್ಯಾಬಿನ ಪಕ್ಕದಲ್ಲೇ ಕ್ವಾರ್ಟರ್ಸ್. ಕಾಕಾನ ಹೆಂಡತಿ ಕಾಕು ಅಲ್ಲಿಯ ಪರದೆಯ ಬಣ್ಣವನ್ನೂ ಆರಿಸಿಟ್ಟಿದ್ದಳು. ಕಾಕಾನಿಗೆ ಮಾತ್ರ ಅನುಮಾನ ಹತ್ತಿತು: ಮಳೆಗೆ ಲೋಕಲ್ ನಿಂತು ಲ್ಯಾಬಿನಲ್ಲೇ ಉಳಿದು, ಅಲ್ಲಿಯ ಬಟ್ಟೆ ತೊಟ್ಟು ಮಾಡಿದ ಪುಡಿಯಲ್ಲಿ ಆ ಗುಣ ಇರಲಿಲ್ಲ. ಮನೆಗೆ ಬಂದವನೇ ಗೂಟದ ಮೇಲಿನ ಅಂಗಿಗೆ ಆಯಸ್ಕಾಂತ ಸವರಿದ. ಅದರ ತುದಿಗೆ ಸಣ್ಣ ಕಪ್ಪು ಕೂದಲುಗಳೆದ್ದು ನಿಂತವು. ದಿನವೂ ರೈಲಿನ ಬಾಗಿಲಲ್ಲಿ ನೇತಾಡಿ ಹೋಗುವವನ ಮೈಗೆ ಅಂಟಿದ ಬ್ರೇಕಿನ ಕಬ್ಬಿಣದ ಧೂಳು ಅದು. ಅದೇ ಪುಡಿಗೂ ಬಿದ್ದಿತ್ತು.

“ನಿಮ್ಮ ಅಂಗಿ ಝಾಡಿಸಿ ನೋಡಾಕ ಯಾರ ಬರ್ತಾರ? ಲೇಖನ ಸುಮ್ಮ ಕಳಸ್ರಿ,” ಎಂದಳು ಕಾಕು.

“ನಾಳೆ ಲೋಕಲ್ ಇಲ್ಲದ ಊರಾಗ ಯಾವನರ ಇದ ಪುಡಿ ಮಾಡಿ ನೋಡ್ತಾನ. ಅವಗ ಏನೂ ಸಿಗಂಗಿಲ್ಲ,” ಎಂದ ಕಾಕಾ.

“ಹಂಗಾದ್ರ ಬಡ್ತಿ ರೈಲ್ವೇದವರಿಗೇ ಕೊಡಸು,” ಎಂದು ಅಜ್ಜಿ ಒಳಗೆ ಹೋದಳು.

ಕಾಕಾ ಲೇಖನ ಕಳಿಸಲೇ ಇಲ್ಲ. ಕ್ವಾರ್ಟರ್ಸ್ ಬರಲಿಲ್ಲ. ನಿವೃತ್ತಿಯವರೆಗೂ ಒಂದು ಚೀಲದಲ್ಲಿ ಇನ್ನೊಂದು ಅಂಗಿ ಒಯ್ದು, ರೈಲಿನದನ್ನು ಲ್ಯಾಬಿನ ಹೊರಗೇ ಕಳಚಿಡುತ್ತಿದ್ದ. ಅವನು ಹೆದರಿದನೆಂದೇ ಬಹಳ ವರ್ಷ ನನ್ನ ಗುಮಾನಿ. ನಿಜ ಹೇಳಬೇಕೆಂದರೆ, ಅವನ ಜಾಗದಲ್ಲಿ ನಾನಿದ್ದರೆ ಕಳಿಸಿಬಿಡುತ್ತಿದ್ದೆ.

ಈಗ ಅವರು ಯಾರೂ ಇಲ್ಲ. ಕಟ್ಟಡ ಬಿಲ್ಡರನ ಕೈಗೆ ಹೋಯಿತು. ಕರಾರಿನ ಪ್ರತಿ ಸಾಲನ್ನೂ ನಾಲ್ಕು ಬಾರಿ ಓದಿಸಿಯೇ ಸಹಿ ಹಾಕಿದೆ. ಕೀಲಿಕೈ ಕೊಡುವ ಮುನ್ನ ಗೂಟದ ಸುತ್ತಲಿನ ಗೋಡೆಗೆ ಕಾಕಾನ ಆಯಸ್ಕಾಂತ ಸವರಿದೆ. ಕಪ್ಪು ಕೂದಲುಗಳು ಎದ್ದು ನಿಂತವು. ಒರೆಸಲು ಕೈ ಬರಲಿಲ್ಲ. ಆಯಸ್ಕಾಂತವನ್ನು ಹಾಗೆಯೇ ಕಾಗದದಲ್ಲಿ ಸುತ್ತಿ ತಂದೆ. ಅಂಗಡಿಗೆ ಬೇರೆ ಆಯಸ್ಕಾಂತ ಕೊಂಡಿದ್ದೇನೆ.