ಮಧ್ಯಾಹ್ನದ ಮಹಾರಾಯನ ಕನ್ನಡಕ

ಆ ಕೆರೆಯ ದಂಡೆಯಲ್ಲಿ ಗಾಳ ಹಾಕುವವರದು ಎರಡು ಪಾಳಿ. ಬೆಳಕು ಹರಿಯುವ ಮುಂಚೆ ಬಂದು ಬಿಸಿಲೇರುವಷ್ಟರಲ್ಲಿ ಗಂಟುಮೂಟೆ ಕಟ್ಟುವವರು ಕೆಲವರು. ಬಿಸಿಲಿಳಿದ ಮೇಲೆ ಬಂದು ಕತ್ತಲಾಗುವ ತನಕ ಕೂರುವವರು ಕೆಲವರು. ಇವೆರಡರ ನಡುವೆ, ಸೂರ್ಯ ನೆತ್ತಿಯ ಮೇಲೆ ನಿಂತು ನೀರು ಕಾದ ತಗಡಿನಂತೆ ಹೊಳೆಯುವಾಗ ಅಲ್ಲಿ ಕೂರುತ್ತಿದ್ದವನು ಒಬ್ಬನೇ ಒಬ್ಬ. ಎರಡೂ ಪಾಳಿಯವರು ಅವನಿಗೆ ಮಧ್ಯಾಹ್ನದ ಮಹಾರಾಯ ಎಂದು ಹೆಸರಿಟ್ಟಿದ್ದರು. ಆ ಉರಿಬಿಸಿಲಿನಲ್ಲಿ ಮೀನು ಕಚ್ಚುವುದು ಅಷ್ಟಕ್ಕಷ್ಟೇ ಎನ್ನುವುದು ಮಹಾರಾಯನಿಗೂ ಗೊತ್ತಿತ್ತು. ಆದರೇನು ಮಾಡುವುದು, ಅವನಿಗೆ ಸಿಗುತ್ತಿದ್ದ ಬಿಡುವೇ ಅಷ್ಟು.

ಅವನದು ಬೇಕರಿ ಕೆಲಸ. ಊರು ಇನ್ನೂ ಮಗ್ಗುಲು ಬದಲಿಸುತ್ತಿರುವಾಗ ಎದ್ದು ಹಿಟ್ಟು ನಾದಬೇಕು. ಹಿಟ್ಟು ಉಬ್ಬುವ ತನಕ ಟ್ರೇಗಳಿಗೆ ಎಣ್ಣೆ ಸವರಬೇಕು. ಮೊದಲ ಗಿರಾಕಿ ಬಂದು ನಿಲ್ಲುವಷ್ಟರಲ್ಲಿ ಬನ್ನುಗಳು ಗಾಜಿನ ಕಪಾಟು ಸೇರಿರಬೇಕು. ಶಾಲೆ ಆಫೀಸುಗಳ ಗದ್ದಲ ಮುಗಿದು, ಓವನ್ ಆರಿಸಿ, ಮೇಜು ಉಜ್ಜಿ, ಮೈಮೇಲಿನ ಹಿಟ್ಟು ಕೊಡವಿಕೊಂಡರೆ ನಡುಹಗಲು. ಅಲ್ಲಿಂದ ಸಂಜೆಯ ಬ್ರೆಡ್ಡಿಗೆ ಹಿಟ್ಟು ಕಲಸುವ ತನಕದ ಹೊತ್ತು ಅವನದು.

ಮೀಸೆ ಮೂಡುವ ಕಾಲಕ್ಕೆ ಆ ಬೇಕರಿಗೆ ಟ್ರೇ ತೊಳೆಯಲು ಸೇರಿದವನು ಅವನು. ಬರುಬರುತ್ತಾ ಹಿಟ್ಟಿಗೆ ಕೈ ಹಾಕಿದ, ಆಮೇಲೆ ಯಜಮಾನರ ಮಗಳ ಕೈ ಹಿಡಿದ. ಮಾವ ತೀರಿಕೊಂಡ ಮೇಲೆ ಒಳಗಿನ ಓವನ್ ಅವನ ಪಾಲಿಗೆ, ಹೊರಗಿನ ಗಲ್ಲಾಪೆಟ್ಟಿಗೆ ಹೆಂಡತಿಯ ಪಾಲಿಗೆ ಬಂತು. "ನಾನು ಬ್ರೆಡ್ ಬೇಯಿಸ್ತೀನಿ, ಇವಳು ನನ್ನ ಬೇಯಿಸ್ತಾಳೆ" ಎಂದು ಅವನು ಗಿರಾಕಿಗಳ ಮುಂದೆ ಹೇಳುತ್ತಿದ್ದ. ಅವಳೇನು ಬಿಟ್ಟುಕೊಡುವವಳಲ್ಲ. "ಇವರು ಕೆರೆಗೆ ಮೀನು ಹಿಡಿಯೋಕೆ ಹೋಗಲ್ಲ, ಮೀನುಗಳ ಯೋಗಕ್ಷೇಮ ವಿಚಾರಿಸ್ಕೊಂಡು ಬರೋಕೆ ಹೋಗ್ತಾರೆ" ಎನ್ನುತ್ತಿದ್ದಳು. ಮಾತಿನಲ್ಲಿ ನಿಜವಿತ್ತು. ತಿಂಗಳಿಗೊಮ್ಮೆ ಅಂಗೈಯಗಲದ ಮೀನೊಂದು ಸಿಕ್ಕರೆ ಅದೇ ದೊಡ್ಡ ಬೇಟೆ.

ತೊಂದರೆ ಶುರುವಾದದ್ದು ಕಣ್ಣಿನಿಂದ. ನೀರಿನ ಮೇಲಿನ ಹೊಳಪು ಕಣ್ಣಿಗೆ ಸೂಜಿಯಂತೆ ಚುಚ್ಚತೊಡಗಿತು. ಗಾಳದ ದಾರದ ಬೆಂಡು ಮುಳುಗಿತೋ ತೇಲುತ್ತಿದೆಯೋ ತಿಳಿಯದೆ ಮುಖ ಸಿಂಡರಿಸಿಕೊಂಡು ಕೂತು ಕೂತು, ಮನೆಗೆ ಬರುವಾಗ ತಲೆ ಸಿಡಿಯುತ್ತಿತ್ತು. ಒಂದು ಸಂಜೆ ಓವನ್ನಿನ ಗಾಜಿನ ಕಿಂಡಿಯೊಳಗೆ ಇಣುಕಿದರೆ ಕಣ್ಣ ಮುಂದೆ ಇನ್ನೂ ಕೆರೆಯ ಬಿಳಿ ಚುಕ್ಕೆಗಳೇ ಕುಣಿಯುತ್ತಿದ್ದವು. ಬ್ರೆಡ್ಡಿನ ಬಣ್ಣ ಗೊತ್ತಾಗದೆ ಒಂದು ಇಡೀ ಸಾಲು ಕರಟಿಹೋಯಿತು. ಮಾವನ ಕಾಲದಿಂದ ಆ ಬೇಕರಿಯಲ್ಲಿ ಕರಟಿದ ವಾಸನೆ ಬೀದಿಗೆ ಬಂದಿದ್ದಿಲ್ಲ.

"ಕಣ್ಣು ತೋರಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಆ ಗಾಳ ಅಟ್ಟ ಹತ್ತುತ್ತೆ" ಎಂದಳು ಹೆಂಡತಿ. ದನಿ ಏರಿಸಲಿಲ್ಲ. ದನಿ ಏರಿಸದಿದ್ದಾಗಲೇ ಅವಳಿಗೆ ಹೆದರಬೇಕು ಎಂಬುದು ಅವನಿಗೆ ಗೊತ್ತಿತ್ತು.

ಈ ಸುದ್ದಿ ಹೆಂಡತಿಯ ತಮ್ಮನ ಕಿವಿಗೆ ಬಿತ್ತು. ಭಾವಮೈದ ವಿಮೆ ಮಾಡಿಸುವ ಏಜೆಂಟ್. ಒಳ್ಳೆಯ ಮನುಷ್ಯ, ಕೊಡುಗೈ. ಆದರೆ 'ಗೊತ್ತಿಲ್ಲ' ಎಂಬ ಮಾತು ಅವನ ನಾಲಿಗೆಯ ಮೇಲೆ ಒಂದು ದಿನವೂ ಕೂತಿರಲಿಲ್ಲ. ದೊಡ್ಡ ಮೀನೆಲ್ಲ ನಡುನೀರಿನಲ್ಲೇ ಇರುವುದು, ಆದಷ್ಟೂ ದೂರ ಎಸೆಯಬೇಕು ಎಂದು ಭಾವನಿಗೆ ಪಾಠ ಹೇಳಿದವನೂ ಅವನೇ. ಮರುದಿನವೇ ಸ್ಕೂಟರಿನಲ್ಲಿ ಬಂದು, ಕೌಂಟರಿನ ಮೇಲೆ ಒಂದು ತಂಪು ಕನ್ನಡಕ ಇಟ್ಟ. ಅಂಥದ್ದೇ ಇನ್ನೊಂದು ಅವನ ಮೂಗಿನ ಮೇಲಿತ್ತು.

"ಭಾವ, ಇದು ಅಸಲಿ ಪೋಲರೈಸ್ಡ್. ಇದನ್ನ ಹಾಕ್ಕೊಂಡ್ರೆ ನೀರೊಳಗಿನ ಮೀನು ಎಣಿಸ್ಬಹುದು. ನನಗೆ ಗೊತ್ತಿರೋರ ಹತ್ರ ಹೇಳಿ ತರಿಸಿದೆ."

ಮಹಾರಾಯ ತನ್ನ ಪವರ್ ಕನ್ನಡಕ ಜೇಬಿಗಿಟ್ಟು, ಭಾವಮೈದನದನ್ನು ಏರಿಸಿಕೊಂಡು ಕೆರೆಗೆ ಹೋದ. ಹೊಳಪು ಇದ್ದಲ್ಲೇ ಇತ್ತು. ದಂಡೆ, ಮರ, ಬೆಂಡು ಎಲ್ಲ ಕಪ್ಪಾದವು. ಮೊದಲು ಬೆಂಡು ಕಷ್ಟಪಟ್ಟಾದರೂ ಕಾಣುತ್ತಿತ್ತು, ಈಗ ಅದೂ ಇಲ್ಲ. ಪ್ರೀತಿಯಿಂದ ಕೊಟ್ಟದ್ದಲ್ಲವೇ, ನನ್ನ ಕಣ್ಣೇ ಸರಿಯಿಲ್ಲ ಎಂದುಕೊಂಡು ಕೆಲವು ವಾರ ಅದನ್ನೇ ಹಾಕಿಕೊಂಡು ಕೂತ. ತಲೆನೋವು ಇನ್ನೂ ಜೋರಾಯಿತು. ಕೊನೆಗೆ ಹೆಂಡತಿಯ ಕಣ್ಣಿಗೆ ಹೆದರಿ, ಬಸ್ ನಿಲ್ದಾಣದ ಪಕ್ಕದ ಕನ್ನಡಕದಂಗಡಿಗೆ ಹೋದ.

ಅಂಗಡಿ ರೈಲುಡಬ್ಬಿಯಷ್ಟು ಕಿರಿದು. ಅಂಗಡಿಯಾಕೆ ದಿನಾ ಬೆಳಿಗ್ಗೆ ಅವನ ಬೇಕರಿಯಿಂದಲೇ ಬನ್ನು ಒಯ್ಯುವವಳು. ಮೊದಲು ಅವನ ಕಣ್ಣು ಪರೀಕ್ಷಿಸಿದಳು. ಪವರ್ ತುಸು ಏರಿದೆ, ಬೇರೇನೂ ಗಾಬರಿಯಿಲ್ಲ ಎಂದಳು. ಆಮೇಲೆ ಅವನ ತಂಪು ಕನ್ನಡಕವನ್ನು ಕೈಗೆ ತೆಗೆದುಕೊಂಡು, ಬೆಳಗುತ್ತಿದ್ದ ತನ್ನ ಫೋನಿನ ಪರದೆಯ ಮುಂದೆ ಹಿಡಿದು ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ತಿರುಗಿಸಿದಳು. ಪರದೆ ಹೇಗಿತ್ತೋ ಹಾಗೇ ಇತ್ತು. ಕಪಾಟಿನಿಂದ ಇನ್ನೊಂದು ತೆಗೆದು ಹಾಗೇ ತಿರುಗಿಸಿದಳು. ಅರ್ಧ ತಿರುಗುವಷ್ಟರಲ್ಲಿ ಪರದೆ ಕಪ್ಪಗಾಗಿ ಮಾಯವಾಯಿತು.

"ನೋಡಿದ್ರಲ್ಲ. ಇದು ಪೋಲರೈಸ್ಡ್. ನಿಮ್ಮದು ಬರೀ ಕಪ್ಪು ಗಾಜು."

"ಎರಡಕ್ಕೂ ವ್ಯತ್ಯಾಸ ಏನು ಮೇಡಂ?"

"ಕಪ್ಪು ಗಾಜು ಎಲ್ಲಾ ಬೆಳಕನ್ನೂ ಒಂದೇ ಸಮ ಕಡಿಮೆ ಮಾಡುತ್ತೆ. ಇದು ಹಾಗಲ್ಲ. ನೀರಿನ ಮೇಲೆ ಬಿದ್ದು ಎಗರಿ ಬರುತ್ತಲ್ಲ, ಆ ಝಳಪನ್ನ ಮಾತ್ರ ಬಾಗಿಲಲ್ಲೇ ನಿಲ್ಲಿಸಿ, ಮಿಕ್ಕಿದ್ದನ್ನ ಒಳಗೆ ಬಿಡುತ್ತೆ."

"ನಮ್ಮ ಮನೆಯವಳು ಚೌಕಾಸಿ ಮಾಡೋರನ್ನ ಮಾತ್ರ ಬಾಗಿಲಲ್ಲೇ ನಿಲ್ಲಿಸಿದ ಹಾಗೆ" ಎಂದ ಮಹಾರಾಯ. ಆಕೆ ನಕ್ಕಳು. ಅವನೂ ನಕ್ಕ, ಆದರೆ ಮನಸ್ಸು ಮುದುಡಿತು. ಕನ್ನಡಕ ಹಾಳಾಗಲಿ, ಭಾವಮೈದ ಮೋಸಹೋದನಲ್ಲಾ ಎಂಬ ಕೊರಗೇ ಅವನಿಗೆ ಹೆಚ್ಚಾಯಿತು. "ಈ ವಿಷಯ ಇಲ್ಲೇ ಇರ್ಲಿ ಮೇಡಂ" ಎಂದ.

ಆಕೆ ಮೇಜಿನ ಮೇಲೆ ಮೂರು ಬಣ್ಣದ ಗಾಜುಗಳನ್ನು ಇಟ್ಟಳು. ಬೂದಿ, ಕಂದು, ಹಳದಿ. ಬೂದಿ ಬಣ್ಣದ್ದರಲ್ಲಿ ಲೋಕ ಇದ್ದ ಬಣ್ಣದಲ್ಲೇ ಕಾಣುತ್ತಿತ್ತು, ತಣ್ಣಗೆ ಮಾತ್ರ. ಹಳದಿಯದರಲ್ಲಿ ಎಲ್ಲ ಬೆಳ್ಳಂಬೆಳಗಾಯಿತು. ಕಂದು ಹಾಕಿಕೊಂಡು ಬಾಗಿಲಿಗೆ ಬಂದು ಬೀದಿ ನೋಡಿದವನೇ "ಆಹಾ" ಎಂದ.

"ಏನಾಯ್ತು?"

"ಇಡೀ ಬೀದಿ ಹದವಾಗಿ ಬೆಂದಿದೆ ಮೇಡಂ. ಈಗಲೇ ಓವನ್ನಿಂದ ತೆಗೀಬೇಕು ಅನ್ನಿಸ್ತಿದೆ."

"ಬೀದಿ ನೋಡಿ ಆರಿಸ್ಬೇಡಿ. ನೀವು ನೋಡ್ಬೇಕಾಗಿರೋದು ನೀರು. ನಿಮ್ಮ ಪವರ್ ಕನ್ನಡಕದ ಮೇಲೇ ಹಾಕ್ಕೊಳ್ಳೋ ಅಗಲದ್ದು ಮೂರು ಕೊಡ್ತೀನಿ. ನಾಳೆ ಕೆರೆ ಹತ್ರ ಹಾಕಿ ನೋಡಿ, ಎರಡು ವಾಪಸ್ ತಂದುಕೊಡಿ. ಆದ್ರೆ ಒಬ್ರೇ ಹೋಗ್ಬೇಡಿ. ಇಬ್ರು ಒಟ್ಟಿಗೆ ಕೂತು ಬದಲಾಯಿಸ್ಕೊಂಡು ನೋಡಿದ್ರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತೆ."

ಮಹಾರಾಯ ಹೆಂಡತಿಯನ್ನು ಕೇಳಿದ. ಕೇಳುವಾಗಲೇ ಅವಳು ಬರುವುದಿಲ್ಲ ಎಂದು ಗೊತ್ತಿತ್ತು. ಅವಳ ಅಪ್ಪನ ಕಾಲದಿಂದ ಆ ಕೌಂಟರ್ ಹಗಲು ಹೊತ್ತು ಮುಚ್ಚಿದ್ದಿಲ್ಲ.

"ಗಲ್ಲಾ ಯಾರು ನೋಡ್ಕೋತಾರೆ?" ಎಂದಳು.

"ಅದೂ ಸರಿ" ಎಂದ ಅವನು.

ಮರುದಿನ ಅವನು ಗಾಳದ ಕೋಲು ಹೆಗಲಿಗೇರಿಸುವಾಗ ಹೊರಗೆ ಶಟರ್ ಎಳೆದ ಸದ್ದಾಯಿತು. ಹೋಗಿ ನೋಡಿದರೆ ಹೆಂಡತಿ ಕೊಡೆ ಹಿಡಿದು ನಿಂತಿದ್ದಾಳೆ. "ನಿಮ್ಮ ಕಣ್ಣು ನಂಬಿ ಕನ್ನಡಕ ತಗೊಂಡ್ರೆ ಮತ್ತೆ ಕರಟಿದ ಬ್ರೆಡ್ಡೇ ಗತಿ. ನಡೀರಿ."

ದಾರಿಯುದ್ದಕ್ಕೂ ಬಿಸಿಲನ್ನು ಬೈದಳು. ದಂಡೆ ತಲುಪಿದ ಮೇಲೆ ಅವನ ಮಡಿಸುವ ಸ್ಟೂಲನ್ನು ಬಿಡಿಸಿ ತಾನೇ ಕೂತಳು. ಅವನು ಎಂದಿನಂತೆ ಚೀಲ ಬಿಚ್ಚಿ, ನೀರಿನ ಕಡೆ ತಿರುಗಿಸಿ ಎರಡು ಬಾರಿ ಕೊಡವಿ, ಪಕ್ಕದಲ್ಲಿ ನೆಲದ ಮೇಲೆ ಕೂತ. ಅವಳ ಕೈಗೆ ಬೂದಿ ಬಣ್ಣದ್ದು ಕೊಟ್ಟು ತಾನು ಕಂದು ಏರಿಸಿಕೊಂಡ. ಹಾಕಿಕೊಂಡ ಕೂಡಲೇ ಮೊದಲು ಆದದ್ದೆಂದರೆ, ಅವನ ಹಣೆಯ ಗಂಟು ತಾನಾಗಿ ಬಿಚ್ಚಿಕೊಂಡಿತು. ತಗಡು ಹೋಗಿ ನೀರು ಬಂದಿತ್ತು. ರೂಢಿಯಂತೆ ನಡುಕೆರೆಯತ್ತ ಕಣ್ಣು ನೆಟ್ಟ.

"ರೀ" ಎಂದಳು ಹೆಂಡತಿ. "ಮೀನು."

"ಎಲ್ಲೇ? ಆ ಬಂಡೆ ಹತ್ರಾನಾ?"

"ಅಷ್ಟು ದೂರ ಯಾಕೆ ಹೋಗ್ತೀರಿ? ಇಲ್ಲೇ, ನಮ್ಮ ಮುಂದೆ."

ಎರಡು ಮಾರು ದೂರದಲ್ಲಿ, ದಂಡೆಯ ಇಳಿಜಾರು ತಿಳಿನೀರಿಗೆ ಸೇರುವಲ್ಲಿ ಅವು ಇದ್ದವು. ಒಂದಲ್ಲ, ಒಂದು ಹಿಂಡು. ಮೊಳದುದ್ದದ ದಪ್ಪ ದಪ್ಪ ಮೀನುಗಳು, ತಮ್ಮ ನೆರಳನ್ನು ಕೆಸರಿನ ಮೇಲೆ ಎಳೆದುಕೊಂಡು ಅತ್ತಿತ್ತ ನಿಧಾನಕ್ಕೆ ಸುಳಿಯುತ್ತಿದ್ದವು. ಒಂದು ನೀರಿನ ಮೇಲ್ಮೈಗೆ ಮೂತಿ ತಂದು ಏನನ್ನೋ ಚಪ್ಪರಿಸಿ ಮತ್ತೆ ಇಳಿಯಿತು. ಇಷ್ಟು ವರ್ಷ ಮಹಾರಾಯ ಭಾವಮೈದನ ಮಾತು ಕೇಳಿ, ರಟ್ಟೆ ಸೋಲುವಂತೆ, ಇವುಗಳ ತಲೆಯ ಮೇಲಿಂದ ಆಚೆಗೆ ಗಾಳ ಎಸೆದಿದ್ದ.

"ಇವು ಇಲ್ಲೇ ಯಾಕೆ ನಿಂತಿವೆ?" ಎಂದ, ಪಿಸುದನಿಯಲ್ಲಿ.

ಹೆಂಡತಿ ನೀರನ್ನು ನೋಡಿದಳು, ಚೀಲವನ್ನು ನೋಡಿದಳು, ಗಂಡನನ್ನು ನೋಡಿದಳು. "ಈ ಚೀಲದಲ್ಲಿ ಏನಿತ್ತು?"

"ಏನಿರುತ್ತೆ, ಬೆಳಿಗ್ಗೆ ಬ್ರೆಡ್ ತುಂಬಿದ್ದ ಚೀಲ. ಅದರಲ್ಲೇ ಸಾಮಾನು ಹಾಕ್ಕೊಂಡು ಬರ್ತೀನಿ. ಚೂರುಪಾರು ಇರುತ್ತೆ, ಕೊಡವ್ತೀನಿ."

"ದಿನಾ?"

"ದಿನಾ."

ಅವಳು ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು. ನಗು ತಡೆಯಲಾಗದೆ ಸ್ಟೂಲಿನಿಂದ ಜಾರುವಂತಾಯಿತು. "ಅಯ್ಯೋ ದೇವರೇ, ನೀವು ಮೀನು ಹಿಡಿಯೋಕೆ ಬರ್ತಿರ್ಲಿಲ್ಲ ಕಣ್ರೀ, ಸಾಕೋಕೆ ಬರ್ತಿದ್ರಿ. ಅವೆಲ್ಲ ನಮ್ಮ ಕಾಯಂ ಗಿರಾಕಿಗಳು!"

ಉದ್ವೇಗ ತಾಳಲಾರದೆ ಮಹಾರಾಯ ಎದ್ದು ನಿಂತ. ಅವನ ನೆರಳು ಅಲುಗಿದ್ದೇ ತಡ, ನೀರು ಖಾಲಿ. "ಕೂತ್ಕೊಳ್ರೀ" ಎಂದು ಹೆಂಡತಿ ಅಂಗಿ ಹಿಡಿದು ಎಳೆದಳು. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮರಳಿ ಬಂದವು.

ಆಮೇಲೆ ಕನ್ನಡಕಗಳ ಪರೀಕ್ಷೆ ನಡೆಯಿತು. ಹಳದಿ ಆ ಬಿಸಿಲಿಗೆ ಲಾಯಕ್ಕಿಲ್ಲ ಎಂದು ಇಬ್ಬರೂ ಕೂಡಲೇ ಒಪ್ಪಿದರು. ಕಂದು ಹಾಕಿಕೊಂಡರೆ ಮೀನಿನ ಬೆನ್ನು ಕೆಸರಿನಿಂದ ಬೇರೆಯಾಗಿ ಎದ್ದು ಕಾಣುತ್ತಿತ್ತು. ಬೂದಿಯಲ್ಲಿ ಅಷ್ಟು ಎದ್ದು ಕಾಣದಿದ್ದರೂ ಈಜುರೆಕ್ಕೆಯ ಕೆಂಪು ಕೆಂಪಾಗಿಯೇ ಉಳಿಯುತ್ತಿತ್ತು. ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ನೀರಿನ ಹೊಳಪು ಮರಳುತ್ತದೆ, ನೆಟ್ಟಗೆ ಮಾಡಿದರೆ ಹೋಗುತ್ತದೆ ಎಂಬುದು ತಿಳಿದ ಮೇಲಂತೂ ಗಂಡ ಹೆಂಡತಿ ಗಿಳಿಗಳ ಹಾಗೆ ಕತ್ತು ವಾಲಿಸುತ್ತಾ ಕೂತರು.

ಮಹಾರಾಯ ಎರೆಹುಳುವಿನ ಡಬ್ಬಿ ಮುಚ್ಚಿಟ್ಟ. ತಿನ್ನಲೆಂದು ತಂದಿದ್ದ ಬನ್ನಿನ ಒಳಗಿನ ಮೆತ್ತನೆಯ ಭಾಗವನ್ನು ನಾದಿ ಗಾಳಕ್ಕೆ ಸಿಕ್ಕಿಸಿ, ಕೂತಲ್ಲಿಂದಲೇ ಮೆಲ್ಲಗೆ ನೀರಿಗಿಳಿಸಿದ. ಬಾಲ ಹರಿದ ಮುದಿಮೀನೊಂದು ಮೊದಲು ಬಂತು. "ಬೇಡ, ಅದು ಬೇಡ. ಪಾಪ, ಎಷ್ಟು ವರ್ಷದ ಗಿರಾಕಿಯೋ" ಎಂದಳು ಹೆಂಡತಿ. ಅವನು ದಾರ ಎತ್ತಿದ. ಎರಡನೆಯ ಸಲ ಬಂದದ್ದು ಬಾಯಿ ತೆರೆದು ತುತ್ತನ್ನು ಎಳೆದುಕೊಂಡದ್ದನ್ನು ಇಬ್ಬರೂ ಕಣ್ಣಾರೆ ಕಂಡರು. ಕೋಲು ಬಿಲ್ಲಿನಂತೆ ಬಾಗಿತು. ಹೆಂಡತಿ "ಬಿಡಿ, ಎಳೀರಿ, ಬಿಡಿ" ಎಂದು ಎರಡನ್ನೂ ಒಟ್ಟಿಗೆ ಕೂಗಿದಳು. ಮೀನು ದಂಡೆಗೆ ಬಂದಾಗ ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅವಳ ಕಡೆ ತಿರುಗಿ ಬಾಯ್ತುಂಬ ನಕ್ಕ. ಮದುವೆಯಾದಂದಿನಿಂದ ಅವನ ಈ ಮುಖ ಅವಳು ಕಂಡಿರಲಿಲ್ಲ. ಓವನ್ನಿನ ಮುಂದೆ ಅವನು ಯಾವಾಗಲೂ ಅವಳಿಗೆ ಬೆನ್ನು ತಿರುಗಿಸಿಯೇ ಇರುತ್ತಿದ್ದನಲ್ಲ.

ಮರುದಿನ ಕನ್ನಡಕದಂಗಡಿಗೆ ಇಬ್ಬರೂ ಹೋದರು. ಮೇಜಿನ ಮೇಲೆ ಹಳದಿಯದೊಂದನ್ನೇ ಇಟ್ಟರು.

"ಎರಡು ವಾಪಸ್ ಬರ್ಬೇಕಿತ್ತು" ಎಂದಳು ಅಂಗಡಿಯಾಕೆ.

"ಕಂದು ಇವರಿಗೆ. ಬೂದಿ ನನಗೆ" ಎಂದಳು ಬೇಕರಿಯಾಕೆ. "ಇವರಿಗೆ ಎಲ್ಲ ಬೆಂದ ಹಾಗೆ ಕಾಣ್ಬೇಕು. ನನಗೆ ಇದ್ದಿದ್ದು ಇದ್ದ ಹಾಗೆ ಕಾಣ್ಬೇಕು."

ವಾರದಲ್ಲಿ ಎರಡು ದಿನ ಮಧ್ಯಾಹ್ನ ಬೇಕರಿಯ ಶಟರ್ ಇಳಿಯುವ ರೂಢಿ ಅಂದಿನಿಂದ ಶುರುವಾಯಿತು. ಗಿರಾಕಿಗಳು ಮೊದಲು ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಸುದ್ದಿ ಕೇಳಿ ಒಂದು ದಿನ ಭಾವಮೈದ ಕೆರೆಗೇ ಬಂದ. ಅದೇ ಕಪ್ಪು ಕನ್ನಡಕ ಮೂಗಿನ ಮೇಲಿತ್ತು. ನೀರನ್ನು ಬಗ್ಗಿ ಬಗ್ಗಿ ನೋಡಿದ. "ಎಲ್ಲಿದೆ ಮೀನು? ಅಕ್ಕ, ಭಾವನ ಜೊತೆ ಸೇರಿ ನೀನೂ ಕಥೆ ಕಟ್ಟೋಕೆ ಶುರು ಮಾಡಿದ್ಯಾ?"

ಅಕ್ಕ ಬಾಯಿ ತೆರೆದಳು. ಮಹಾರಾಯ ಅವಳ ಕೈ ಅದುಮಿ, ಅವಳ ಕನ್ನಡಕ ತೆಗೆದು ಭಾವಮೈದನ ಕೈಗಿತ್ತ. ಅವನು ಹಾಕಿಕೊಂಡು ನೋಡಿದ. ಅದನ್ನು ತೆಗೆದು ತನ್ನದನ್ನು ಹಾಕಿಕೊಂಡ, ಮತ್ತೆ ಬದಲಾಯಿಸಿದ. ಕಿವಿ ಕೆಂಪಾದವು.

"ಭಾವ... ನಾನು ನಿಮಗೆ ಕೊಟ್ಟಿದ್ದು..."

"ಅದಾ? ಅದು ಓವನ್ ಮುಂದೆ ನಿಲ್ಲೋಕೆ ಬಹಳ ಚೆನ್ನಾಗಿದೆ ಕಣಯ್ಯ. ಬೆಂಕಿ ಕಣ್ಣಿಗೆ ಹೊಡೆಯಲ್ಲ. ದಿನಾ ಹಾಕ್ಕೋತೀನಿ."

ಅವನು ಅನುಮಾನದಿಂದ ಅಕ್ಕನ ಮುಖ ನೋಡಿದ. ಅವಳು ನೀರು ನೋಡುತ್ತಾ ಹೌದೆಂದು ತಲೆಯಾಡಿಸಿದಳು. ಈ ಒಂದು ಸುಳ್ಳಿನ ಫಲವಾಗಿ, ಹೊರಗೆ ಸ್ಕೂಟರಿನ ಸದ್ದು ಕೇಳಿದಾಗಲೆಲ್ಲ ಮಹಾರಾಯ ಹಿಟ್ಟಿನ ಕೈಯಲ್ಲೇ ಕಪ್ಪು ಕನ್ನಡಕ ಹುಡುಕಿ ಏರಿಸಿಕೊಳ್ಳಬೇಕಾಯಿತು. ಒಳಗೆ ಏನೂ ಕಾಣದೆ ಮೊಣಕೈಯನ್ನು ಬಿಸಿ ಟ್ರೇಗೆ ತಗುಲಿಸಿಕೊಂಡದ್ದೂ ಉಂಟು. ಭಾವಮೈದ ಮಾತ್ರ ನಡುನೀರಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಮಳೆಗಾಲ ಬಂತು. ಸುತ್ತಲಿನ ಮಣ್ಣೆಲ್ಲ ಕೆರೆಗಿಳಿದು ನೀರು ಹಾಲು ಬೆರೆಸಿದ ಟೀಯಂತಾಯಿತು. ಮೋಡ ಬಿಟ್ಟ ಒಂದು ಮಧ್ಯಾಹ್ನ ಇಬ್ಬರೂ ಹೋಗಿ ಕೂತರು. ಕಂದು ಹಾಕಿದರೂ ಅಷ್ಟೇ, ಬೂದಿ ಹಾಕಿದರೂ ಅಷ್ಟೇ, ಒಂದು ಗೇಣು ಕೆಳಗಿನದು ಕಾಣದು.

"ಇವತ್ತು ಯಾವ ಕನ್ನಡಕಕ್ಕೂ ಏನೂ ಕಾಣಲ್ಲ ಕಣೇ" ಎಂದ ಮಹಾರಾಯ. "ವಾಪಸ್ ಹೋಗೋಣ್ವಾ? ಅಂಗಡಿ ತೆಗೀಬಹುದು."

ಅವಳು ಕನ್ನಡಕ ತೆಗೆದು, ಕತ್ತಿನ ದಾರಕ್ಕೆ ಜೋತುಬಿಟ್ಟು, ಸ್ಟೂಲಿನ ಮೇಲೆ ಕೂತಲ್ಲೇ ಕಾಲು ಚಾಚಿದಳು.

"ಕಾಣದಿದ್ರೆ ಬೇಡ ಬಿಡಿ. ಬಂದಿದ್ದಾಗಿದೆ, ಸ್ವಲ್ಪ ಹೊತ್ತು ಕೂತ್ಕೊಳ್ಳೋಣ."

ಅವನು ಗಾಳ ಇಳಿಸಿದ. ಬೆಂಡು ಕೆಂಪು ನೀರಿನ ಮೇಲೆ ಅಲುಗದೆ ನಿಂತಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು.