ಬಸ್ ಸ್ಟ್ಯಾಂಡಿನ ಫ್ಲೆಕ್ಸ್‌ನಲ್ಲಿದ್ದ ಹೆಂಗಸು

ನಾನು ಪಾಠ ಮಾಡುವ ಕಾನೂನು ಕಾಲೇಜಿಗೆ ಆ ವರ್ಷ ಯಾವುದೋ ಪತ್ರಿಕೆಯ ರ‍್ಯಾಂಕಿಂಗ್‌ನಲ್ಲಿ ಒಳ್ಳೆಯ ಸ್ಥಾನ ಬಂತು. ಶಿವಮೊಗ್ಗ ಬಸ್ ಸ್ಟ್ಯಾಂಡಿನ ಎದುರು, ಸೋಗಾನೆ ವಿಮಾನ ನಿಲ್ದಾಣದ ಕಡೆ ಹೋಗುವ ರಸ್ತೆಯಲ್ಲಿ, ಎಲ್ಲಿ ನೋಡಿದರೂ ಫ್ಲೆಕ್ಸ್. ವಿಮಾನ ಇಳಿದವರ ಕಣ್ಣಿಗೂ ನಮ್ಮ ಕೀರ್ತಿ ಬೀಳಬೇಕಲ್ಲ! ಫ್ಲೆಕ್ಸಿನ ನಡುವೆ ಒಬ್ಬ ಹೆಂಗಸು ಕೈಮುಗಿದು ನಿಂತಿದ್ದಳು. ಕೆಳಗೆ, ‘ಬಡವರ ಬಾಗಿಲಿಗೆ ನ್ಯಾಯ’.

ಆ ಫೋಟೋ ತೆಗೆದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಅಲ್ಲಿನ ಸಮುದಾಯ ಭವನದಲ್ಲಿ ಉಚಿತ ಕಾನೂನು ನೆರವು ಕೇಂದ್ರ ಅಂತ ಬ್ಯಾನರ್ ಕಟ್ಟಿ ಉದ್ಘಾಟನೆ ಮಾಡಿದ್ದೆವು. ಪಲಾವ್ ಊಟ ಮುಗಿದ ಮೇಲೆ ಬ್ಯಾನರ್ ಬಿಚ್ಚಿ ತಂದರು. ಕೇಂದ್ರ ಯಾವಾಗ ಶುರು ಅಂತ ಕೇಳಿದಾಗಲೆಲ್ಲ ಪ್ರಿನ್ಸಿಪಾಲರು “ಆಗುತ್ತೆ, ಆಗುತ್ತೆ” ಅನ್ನುತ್ತಿದ್ದರು.

ಒಂದು ದಿನ ಆ ಹೆಂಗಸೇ ಕಾಲೇಜಿಗೆ ಬಂದಳು. ಆಫೀಸಿನವರು, “ಅದು ಅವತ್ತಿನ ಕಾರ್ಯಕ್ರಮ ಕಣಮ್ಮ, ಮುಗೀತು” ಅಂತ ಸಾಗಹಾಕುತ್ತಿದ್ದರು. ನನ್ನನ್ನು ಕಂಡು ಗುರುತು ಹಿಡಿದಳು.

“ಮೇಡಂ, ಬಸ್ ಸ್ಟ್ಯಾಂಡಲ್ಲಿ ನನ್ನ ಅಷ್ಟುದ್ದ ನಿಲ್ಸಿದೀರ. ಇಲ್ಲಿ ಕೂತ್ಕೊಳ್ಳಕ್ಕೂ ಹೇಳಲ್ಲ.”

ಮನೆಮಾತು ತಮಿಳು, ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಪಕ್ಕದ ಕೇರಿಯಲ್ಲಿ. ಗಂಡ ತೀರಿಕೊಂಡ ಮೇಲೆ ಮೈದುನ ಮನೆಗೆ ಬೀಗ ಜಡಿದಿದ್ದ. ಉಟ್ಟ ಸೀರೆಯಲ್ಲೇ ಅಕ್ಕನ ಮನೆ ಜಗಲಿಯಲ್ಲಿ ಮಲಗುತ್ತಿದ್ದಳು.

ನೇರ ಪ್ರಿನ್ಸಿಪಾಲರ ಚೇಂಬರಿಗೆ ಕರೆದುಕೊಂಡು ಹೋದೆ. ಅವರು ಅವಳ ಮುಖವನ್ನೂ ನೋಡಲಿಲ್ಲ.

“ಮೇಡಂ, ಅದು ರ‍್ಯಾಂಕಿಂಗ್‌ಗೋಸ್ಕರ ಮಾಡಿದ್ದು. ಊರವರ ಕೇಸೆಲ್ಲ ನಾವು ತಗೊಳ್ಳೋಕಾಗುತ್ತಾ?”

“ಕೇಸ್ ತಗೊಳ್ಳಲ್ಲ ಅಂದ್ಮೇಲೆ ಅವಳ ಮುಖ ಯಾಕೆ ತಗೊಂಡ್ರಿ, ಸರ್?”

ನನ್ನ ದನಿ ಕಾರಿಡಾರಿನವರೆಗೂ ಹೋಗಿತ್ತು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, “ಸುಮ್ನಿರು ಮಾರಾಯ್ತಿ, ರ‍್ಯಾಂಕ್ ಬಿದ್ರೆ ಅಡ್ಮಿಷನ್ ಬೀಳುತ್ತೆ, ಆಮೇಲೆ ನಮ್ಮ ಕೆಲ್ಸ” ಅಂದರು. ಸಂವಿಧಾನ ಪಾಠ ಮಾಡುವ ಮನುಷ್ಯ! ಅವರ ಜೊತೆ ಊಟಕ್ಕೆ ಕೂರುವುದನ್ನು ಅವತ್ತೇ ಬಿಟ್ಟೆ.

ಮರುದಿನ ರಜೆ ಹಾಕಿ ಅವಳನ್ನು ಕರೆದುಕೊಂಡು ಭದ್ರಾವತಿ ಕೋರ್ಟಿಗೆ ಹೋದೆ. ಅಲ್ಲಿನ ಕಾನೂನು ಸೇವಾ ಸಮಿತಿ ಕೊಟ್ಟ ವಕೀಲೆ ನಮ್ಮ ಹಳೆಯ ವಿದ್ಯಾರ್ಥಿನಿಯೇ. ಗಂಡನ ಜೊತೆ ಬಾಳಿದ ಮನೆಯಿಂದ ಹೆಂಗಸನ್ನು ಹೀಗೆ ಹೊರಹಾಕುವಂತಿಲ್ಲ ಅಂತ ಅರ್ಜಿ ಹಾಕಿದಳು. ಮೈದುನ ವಾಯಿದೆ ಕೇಳಿ ಕೇಳಿ ಎಳೆದ. ಕೊನೆಗೆ ಮಧ್ಯಂತರ ಆದೇಶವಾಗಿ ಪೊಲೀಸರು ನಿಂತು ಬೀಗ ತೆಗೆಸಿದರು. ಒಳಗೆ ಗ್ಯಾಸ್ ಒಲೆ ಇರಲಿಲ್ಲ, ಬೀರು ಖಾಲಿ. ಅವಳು ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಸ ಗುಡಿಸತೊಡಗಿದಳು.

ಈಗ ಪ್ರತಿ ಶನಿವಾರ ನಾನು, ಕೆಲವು ವಿದ್ಯಾರ್ಥಿಗಳು ಆ ಸಮುದಾಯ ಭವನದಲ್ಲಿ ಕೂರುತ್ತೇವೆ. ಜನ ಬರುತ್ತಾರೆ. ಬಸ್ ಖರ್ಚು ನಮ್ಮದೇ. ಪ್ರಿನ್ಸಿಪಾಲರು ಬೇಡ ಅನ್ನಲಿಲ್ಲ. ಮೊನ್ನೆ ನನ್ನನ್ನು ಕರೆಸಿ, ನಗುತ್ತಾ ಹೇಳಿದರು: “ಚೆನ್ನಾಗಿ ನಡೀತಿದೆಯಂತೆ ಮೇಡಂ. ಈ ಸಲದ ರ‍್ಯಾಂಕಿಂಗ್ ಅರ್ಜಿಗೆ ಸೇರಿಸಿದೀನಿ.”

ಮೇಜಿನ ಮೇಲಿದ್ದ ಪೇಪರ್‌ವೇಟ್ ಕೈಗೆ ಬಂದಿತ್ತು. ಇಟ್ಟು ಎದ್ದು ಬಂದೆ.