ಕಾಕೂನ ಜಮಖಾನಿ

ಮೊನ್ನೆ ಟ್ರಂಕು ತೆಗೆದಾಗ ಒಣ ಬೇವಿನೆಲೆ, ಡಾಂಬರ ಗುಳಿಗೆಗಳ ವಾಸನೆ ಮುಖಕ್ಕೆ ಬಡಿಯಿತು. ಮಗಳು ಒಳಗಿದ್ದುದನ್ನು ಎಳೆದು, "ಯವ್ವಾ, ಈ ಕಾರ್ಪೆಟ್ ಹಾಸಲೇನ?" ಎಂದಳು. ಅದು ಕಾರ್ಪೆಟ್ಟಲ್ಲ, ಜಮಖಾನಿ ಎನ್ನಹೊರಟವಳು ಅದರ ಕೆಂಪು ಪಟ್ಟಿ ಸವರಿದೆ. ನನ್ನ ತವರಿನ ಪಕ್ಕದ ಮನೆಯ ಕಾಕು, ನನಗೆ ಚಿಕ್ಕಮ್ಮನಂತಿದ್ದವಳು, ನೆನಪಾಗಿದ್ದಳು...

ಅರವತ್ತರ ದಶಕದ ಮಾತು. ವಿಜಾಪುರದ ಇಬ್ರಾಹಿಂಪುರದಲ್ಲಿ ನಮ್ಮ ಓಣಿಗೆಲ್ಲ ದೊಡ್ಡ ಜಮಖಾನಿ ಇದ್ದುದು ಅವಳ ಮನೆಯಲ್ಲಷ್ಟೇ, ಎರಡು. ಬಂದವರು "ಜಮಖಾನಿ ಬೇಕಾಗಿತ್ರಿ" ಎಂದರೆ ಅವಳು ಯಾಕೆಂದು ಕೇಳುತ್ತಿರಲಿಲ್ಲ. ಮುಖ ನೋಡಿಯೇ, ತೊಟ್ಟಿಲು, ನಿಶ್ಚಯಗಳಿಗಾದರೆ ಕೆಂಪು ಪಟ್ಟಿಯದನ್ನು, ಸಾವಿನ ಮನೆಗಾದರೆ ಮಾಸಿದ ನೀಲಿಯದನ್ನು ಕೊಡುತ್ತಿದ್ದಳು. "ಜಮಖಾನಿ ಬಿತ್ತು" ಎಂದರೆ ಕಾರ್ಯ ಶುರುವಾಯಿತೆಂದೇ ಓಣಿಯಲ್ಲಿ ಅರ್ಥ. ನಮ್ಮ ಮನೆಯಲ್ಲಿ ಉಂಡು, ಎಲೆ ಅಡಿಕೆ ಮೆದ್ದೂ ಏಳದ ಬೀಗರನ್ನು ಗೋಡೆಯಾಚೆಯಿಂದ ಕಂಡು, "ಜಮಖಾನಿ ಸುತ್ತಿದ್ರ ಅದರಾಗs ಉರುಳತಾನ ನೋಡ ಬೇ ಇಂವಾ" ಎಂದು ನಗುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಅವಳನ್ನು ಯಾರೂ ಶುಭಕಾರ್ಯಕ್ಕೆ ಕರೆದಿರಲಿಲ್ಲ. ಜಮಖಾನಿ ಮಾತ್ರ ಹೋಗುತ್ತಿತ್ತು.

ಅವ್ವ ಕೂಲಿಗೆ ಹೋದಾಗ ನನಗೆ ಉಣ್ಣಿಸಿ, ತಲೆ ಹಿಕ್ಕಿ ಬೆಳೆಸಿದವಳು ಈ ಕಾಕುವೇ. ನನ್ನ ಮದುವೆಯ ಹಿಂದಿನ ದಿನ, "ಯವ್ವಾ, ಕಾಕು ಬರತಾಳಲ್ಲ?" ಎಂದು ಕೇಳಿದೆ. ಅವ್ವ ಅರಿಷಿಣ ಕುಟ್ಟುತ್ತಲೇ, "ಜಮಖಾನಿ ಬಂದೈತೆಲ್ಲ ಬೇ" ಎಂದಳು. ನಾನು ಮತ್ತೆ ಬಾಯಿ ತೆರೆಯಲಿಲ್ಲ.

ಆ ಕೆಂಪು ಪಟ್ಟಿಯ ಮೇಲೆ ಕೂತು ಅಕ್ಷತೆ ಹಾಕಿಸಿಕೊಂಡೆ. ಗಂಡನೂರು ಬಬಲೇಶ್ವರಕ್ಕೆ ಹೊರಟಾಗ ಅವಳ ಬಾಗಿಲ ಮುಂದೆ ನಿಂತು, "ಕಾಕು" ಎಂದೆ. ಅರೆ ತೆರೆದಿದ್ದ ಕದ ಒಳಗಿನಿಂದ ಮುಚ್ಚಿಕೊಂಡಿತು.

"ನಿಂದರಬ್ಯಾಡ, ನಡಿ ನನ ಮಗಳ. ಹೊಂಟ ಹೊತ್ತಿನ್ಯಾಗ ನನ್ನ ಮಾರಿ ನೋಡಬಾರದು."

ಅಗಳಿ ಹಾಕಿದ ಸಪ್ಪಳ ಕೇಳಲಿಲ್ಲ. ತಳ್ಳಿದ್ದರೆ ಕದ ತೆರೆಯುತ್ತಿತ್ತು. ನಾನು ತಳ್ಳಲಿಲ್ಲ... ಪಂಚಮಿಗೆ ತವರಿಗೆ ಬಂದಾಗ ಆ ಮನೆಗೆ ಬೀಗ ಬಿದ್ದಿತ್ತು. ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಳಂತೆ. ನಮ್ಮಲ್ಲೇ ಉಳಿದಿದ್ದ ಕೆಂಪು ಪಟ್ಟಿಯದನ್ನು ಅವ್ವ ನನ್ನ ಟ್ರಂಕಿಗೆ ಹಾಕಿ ಕಳಿಸಿದಳು.

ಬರುವ ವಾರ ಮಗಳ ಮದುವೆ. ನಿನ್ನೆ ತಿಕೋಟಾಕ್ಕೆ ಹೋಗಿ ವೈನಿಯನ್ನು ಕರೆದು ಬಂದೆ. ನಮ್ಮಣ್ಣ ತೀರಿಕೊಂಡಂದಿನಿಂದ ಈ ಅತ್ತಿಗೆ ಎಲ್ಲೂ ಹೋಗುವುದಿಲ್ಲ. "ವೈನಿ, ನೀವs ಮುಂದ ನಿಂತು ಅಕ್ಕಿಕಾಳು ಹಾಕಬೇಕ್ರಿ" ಎಂದೆ. "ಮಂದಿ ಏನಂದಾರ?" ಎಂದು ಹಿಂಜರಿದರೂ ಕೊನೆಗೆ "ಬರತೀನಿ" ಎಂದರು.

ಮರಳುವ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಇಷ್ಟೇ ಮಾತು, ಅಂದು ನನ್ನ ಬಾಯಿಂದ ಬರಲಿಲ್ಲ.